ಮನೆಯೊಳಗೆ ತೆಗೆದ ಫೋಟೋ ಎಲ್ಲಾ ಯಾಕೆ ಮಸುಕು? ಹೊಸ ಲೆನ್ಸ್ ಕೊಳ್ಳುವ ಮುಂಚೆ ಕೇಳುತ್ತಿದ್ದೇನೆ

ಹೊಸಕಲಿಕೆ

ಎಲ್ಲರಿಗೂ ನಮಸ್ಕಾರ. ಕ್ಯಾಮೆರಾ ಕೈಗೆ ಬಂದು ಆರು ತಿಂಗಳಾಯಿತು. ಅದರ ಜೊತೆ ಬಂದ 18-55 ಎಂಎಂ ಕಿಟ್ ಲೆನ್ಸ್ ಬಿಟ್ಟರೆ ಬೇರೆ ಏನೂ ಇಲ್ಲ. ಹೊರಗೆ ಬಿಸಿಲಲ್ಲಿ ತೆಗೆದದ್ದು ಚೆನ್ನಾಗಿಯೇ ಬರುತ್ತದೆ. ಮನೆಯೊಳಗೆ ಮಗಳ ಫೋಟೋ ತೆಗೆದರೆ ಮಾತ್ರ ಹತ್ತರಲ್ಲಿ ಎಂಟು ಮಸುಕು. ಅವಳಿಗೆ ಎರಡೂವರೆ ವರ್ಷ, ಒಂದು ಕಡೆ ನಿಲ್ಲುವವಳಲ್ಲ. ಕ್ಯಾಮೆರಾದ ಸಣ್ಣ ಪರದೆಯಲ್ಲಿ ಎಲ್ಲಾ ಸರಿ ಇದ್ದ ಹಾಗೆ ಕಾಣುತ್ತದೆ. ಕಂಪ್ಯೂಟರಿಗೆ ಹಾಕಿ ನೋಡಿದರೆ ಕಣ್ಣಿನ ರೆಪ್ಪೆ ಕೂಡ ತಿಳಿಯುವುದಿಲ್ಲ.

ಲೆನ್ಸ್ ಬದಲಾಯಿಸಬೇಕಾ? ಅಥವಾ ಕ್ಯಾಮೆರಾನೇ ಸಾಲದಾ? ಈ ವಯಸ್ಸು ಮತ್ತೆ ಬರುವುದಿಲ್ಲ, ಅದಕ್ಕೇ ಆತುರ. ದಯವಿಟ್ಟು ದಾರಿ ತೋರಿಸಿ.

ರಾತ್ರಿಪಾಳಿ

50 ಎಂಎಂ, ಎಫ್ 1.8 ಲೆನ್ಸ್ ತೆಗೆದುಕೊಳ್ಳಿ. ಮನೆಯೊಳಗಿನ ಬೆಳಕಿಗೆ ಅದೇ ಸರಿ.

ಹಳೇಲೆನ್ಸ್

ಈಗಲೇ ಏನನ್ನೂ ಕೊಳ್ಳಬೇಡಿ. ಕೆಟ್ಟು ಬಂದಿರುವ ಒಂದು ಫೋಟೋ ತೆರೆದು ಅದರ ಮಾಹಿತಿ ನೋಡಿ. ಶಟರ್ ಸ್ಪೀಡ್ (ಎಷ್ಟು ಸೆಕೆಂಡ್ ಬೆಳಕು ಒಳಗೆ ಬಿಟ್ಟಿತು) ಎಷ್ಟು, ಅಪರ್ಚರ್ (ಲೆನ್ಸಿನ ಕಂಡಿ, ಎಫ್ ಅಂಕಿ ಚಿಕ್ಕದಾದಷ್ಟೂ ಕಂಡಿ ದೊಡ್ಡದು) ಎಷ್ಟು, ಐಎಸ್ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಎಷ್ಟು, ಜೂಮ್ ಎಲ್ಲಿತ್ತು. ಈ ನಾಲ್ಕು ಅಂಕಿ ಇಲ್ಲಿ ಹಾಕಿ. ಆಮೇಲೆ ಮಾತಾಡೋಣ.

ಹೊಸಕಲಿಕೆ

ಸರ್, ನಿನ್ನೆ ಸಂಜೆ ತೆಗೆದದ್ದು ಇದು: 1/25, ಎಫ್ 5.6, ಐಎಸ್ಓ 800, ಜೂಮ್ 55ರಲ್ಲಿ. ಲೆನ್ಸಿನ ಮೇಲಿರುವ ಸ್ಟೆಬಿಲೈಸೇಶನ್ ಆನ್ ಇತ್ತು. ಐಎಸ್ಓ 800ಕ್ಕಿಂತ ಮೇಲೆ ಹೋದರೆ ಫೋಟೋ ಹಾಳಾಗುತ್ತದೆ ಎಂದು ಯಾರೋ ಹೇಳಿದ್ದರು, ಅದಕ್ಕೆ ಅಲ್ಲಿಗೇ ನಿಲ್ಲಿಸಿದ್ದೆ.

ಹಳೇಲೆನ್ಸ್

ಉತ್ತರ ನಿಮ್ಮ ಅಂಕಿಗಳಲ್ಲೇ ಇದೆ. ಆದರೂ ನೀವೇ ಕಣ್ಣಾರೆ ನೋಡಿ ಖಚಿತ ಮಾಡಿಕೊಳ್ಳಿ. ಮಸುಕು ಎಂದರೆ ಎಲ್ಲವೂ ಒಂದೇ ಅಲ್ಲ. ಮೂರು ಬಗೆ ಇದೆ, ಮೂರಕ್ಕೂ ಮದ್ದು ಬೇರೆ ಬೇರೆ. ಯಾವುದು ಅಂತ ತಿಳಿಯದೆ ಲೆನ್ಸ್ ಕೊಂಡರೆ ಹಣವೂ ಹೋಗುತ್ತದೆ, ಮಸುಕೂ ಉಳಿಯುತ್ತದೆ.

ಫೋಟೋವನ್ನು ಕಂಪ್ಯೂಟರಿನಲ್ಲಿ 100 ಪರ್ಸೆಂಟಿಗೆ ಹಿಗ್ಗಿಸಿ. ಮೊದಲು ಮಗುವನ್ನು ನೋಡಬೇಡಿ, ಸುತ್ತ ಇರುವ ವಸ್ತು ನೋಡಿ. ಗೋಡೆ, ಕುರ್ಚಿಯ ಕಾಲು, ಪುಸ್ತಕದ ಅಂಚು, ಎಲ್ಲವೂ ಒಂದೇ ದಿಕ್ಕಿಗೆ ಎಳೆದ ಹಾಗೆ ಇದೆಯಾ? ಒಂದು ಚುಕ್ಕಿ ಸಣ್ಣ ಗೆರೆಯಾಗಿದೆಯಾ? ಹಾಗಿದ್ದರೆ ಕೈ ಅಲುಗಿದೆ. ಸುತ್ತಲಿನದೆಲ್ಲ ಚೂಪಾಗಿದ್ದು ಮಗುವಿನ ಕೈ, ಮುಖ ಮಾತ್ರ ಒರೆಸಿದ ಹಾಗಿದ್ದರೆ ಅಲುಗಿದ್ದು ಮಗು. ಎಳೆದ ಗುರುತು ಎಲ್ಲೂ ಇಲ್ಲದೆ ಮುಖ ಮೆತ್ತಗಿದ್ದು, ಹಿಂದಿನದೋ ಮುಂದಿನದೋ ವಸ್ತು ಚೂಪಾಗಿದ್ದರೆ ಫೋಕಸ್ ತಪ್ಪಿದೆ.

ನೋಡಿ ಹೇಳಿ.

ಹೊಸಕಲಿಕೆ

ನೋಡಿದೆ ಸರ್. ಸೋಫಾದ ಅಂಚಿನ ಹೊಲಿಗೆ ಒಂದೊಂದು ಎಳೆಯೂ ಕಾಣುತ್ತಿದೆ! ಅವಳ ಕೂದಲು ಮಾತ್ರ ಹೊಗೆಯ ಹಾಗಿದೆ, ಬಲಗೈಯಲ್ಲಿ ಬೆರಳೇ ಇಲ್ಲ. ಆರು ತಿಂಗಳಿಂದ ಲೆನ್ಸ್ ಸರಿ ಇಲ್ಲ ಅಂದುಕೊಂಡಿದ್ದೆ. ಹಾಗಾದರೆ ಸ್ಟೆಬಿಲೈಸೇಶನ್ ಇದ್ದೂ ಏನು ಪ್ರಯೋಜನ?

ಹಳೇಲೆನ್ಸ್

ಅದು ಅದರ ಕೆಲಸ ಮಾಡಿದೆ. ನಿಮ್ಮ ಕೈ ನಡುಕವನ್ನು ಹಿಡಿದಿದೆ, ಅದಕ್ಕೇ ಹೊಲಿಗೆ ಕಾಣುತ್ತಿರುವುದು. ಮಗು ಓಡುವುದನ್ನು ಅದು ಹಿಡಿಯಲಾರದು. ಅದಕ್ಕೆ ಶಟರ್ ಸ್ಪೀಡ್ ಒಂದೇ ದಾರಿ.

ಸುಮ್ಮನೆ ಕೂತು ಆಡುವ ಮಗುವಿಗೆ 1/125 ಸಾಕಾಗಬಹುದು. ಓಡಾಡುವ ಮಗುವಿಗೆ 1/250 ಬೇಕು, ಜಿಗಿಯುವಾಗ 1/500. ನೀವು ಇರುವುದು 1/25ರಲ್ಲಿ. ಅಂದರೆ ಹತ್ತು ಪಟ್ಟು ಬೆಳಕಿನ ಕೊರತೆ. ಈ ಹತ್ತು ಪಟ್ಟನ್ನು ಎಲ್ಲಿಂದ ತರುವುದು?

ಐಎಸ್ಓ 800ರಿಂದ 3200ಕ್ಕೆ ಏರಿಸಿ, ನಾಲ್ಕು ಪಟ್ಟು ಬಂತು. ಇನ್ನು ಜೂಮ್. ನಿಮ್ಮ ಲೆನ್ಸ್ 55ರಲ್ಲಿ ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಅದೇ ಲೆನ್ಸ್ 18ರಲ್ಲಿ ಎಫ್ 3.5 ಆಗುತ್ತದೆ, ಅದು ಎರಡೂವರೆ ಪಟ್ಟು ಬೆಳಕು. ನಾಲ್ಕು ಎರಡೂವರೆಲಿ ಹತ್ತು. ಒಂದು ಪೈಸೆ ಖರ್ಚಿಲ್ಲದೆ 1/250 ಸಿಕ್ಕಿತು, ಅಲ್ವಾ? ದೂರ ನಿಂತು ಜೂಮ್ ಮಾಡುವ ಬದಲು ನೀವೇ ಎರಡು ಹೆಜ್ಜೆ ಮುಂದೆ ಹೋಗಿ, ಅಷ್ಟೇ.

ಕ್ಯಾಮೆರಾವನ್ನು ಶಟರ್ ಪ್ರಯಾರಿಟಿಗೆ ಹಾಕಿ. ಡಯಲ್ ಮೇಲೆ ಎಸ್ ಅಂತಲೋ ಟಿವಿ ಅಂತಲೋ ಇರುತ್ತದೆ. 1/250 ಇಡಿ. ಐಎಸ್ಓ ಆಟೋ ಮಾಡಿ, ಮೇಲಿನ ಮಿತಿ 6400 ಕೊಡಿ. ಬೆಳಕು ಕಡಿಮೆಯಾದಾಗ ಅಪರ್ಚರ್ ತಾನೇ ಪೂರ್ತಿ ತೆರೆದುಕೊಳ್ಳುತ್ತದೆ.

ರಾತ್ರಿಪಾಳಿ ಹೇಳಿದ ಲೆನ್ಸ್ ತಪ್ಪು ಸಲಹೆ ಏನಲ್ಲ. ಎಫ್ 5.6 ಬದಲು ಎಫ್ 1.8 ಅಂದರೆ ಅದೊಂದೇ ಸುಮಾರು ಹತ್ತು ಪಟ್ಟು. ಆದರೆ 800ರ ಭಯ ಹೋಗದೆ, ಯಾವ ಮಸುಕು ಅಂತ ಗುರುತಿಸಲು ಬಾರದೆ ಅದನ್ನು ಕೊಂಡರೆ, ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ವಾಪಸ್ ಬರುತ್ತದೆ.

ರಾತ್ರಿಪಾಳಿ

ಒಪ್ಪಿದೆ ಸರ್. ಲೆನ್ಸ್ ಹೆಸರು ಹೇಳಿ ಮುಗಿಸಿದ್ದು ಆತುರವಾಯಿತು. ಐಎಸ್ಓ ಬಗ್ಗೆ ನನ್ನದೇ ಒಂದು ವಿಷಯ ಹೇಳಬೇಕು.

ಕೆಲವು ವರ್ಷದ ಹಿಂದೆ ನಮ್ಮ ತಾತ ಹಾಸಿಗೆ ಹಿಡಿದಿದ್ದರು. ಒಂದು ಸಂಜೆ ಎದ್ದು ಕೂತು, ತುಂಬಾ ದಿನದ ಮೇಲೆ ಜೋರಾಗಿ ನಕ್ಕರು. ಕ್ಯಾಮೆರಾ ಪಕ್ಕದಲ್ಲೇ ಇತ್ತು. ಐಎಸ್ಓ ಏರಿಸಿದರೆ ಗ್ರೈನ್, ಅಂದರೆ ಕಾಳುಕಾಳು ಚುಕ್ಕಿ, ಬರುತ್ತದೆ ಎಂದು 400ರಲ್ಲೇ ಇಟ್ಟು ಹದಿನೈದು ಫೋಟೋ ತೆಗೆದೆ. ಶಟರ್ ಸ್ಪೀಡ್ 1/8, 1/10. ಹದಿನೈದರಲ್ಲೂ ಮುಖ ಅಲುಗಿದೆ. ಅದೇ ಅವರ ಕೊನೆಯ ನಗು ನನ್ನ ಪಾಲಿಗೆ. 6400 ಇಟ್ಟಿದ್ದರೆ ಮರಳು ಚೆಲ್ಲಿದ ಹಾಗೆ ಗ್ರೈನ್ ಇರುತ್ತಿತ್ತು, ಆದರೆ ತಾತ ಇರುತ್ತಿದ್ದರು.

ಗ್ರೈನ್ ಕಡಿಮೆ ಮಾಡಲು ಈಗ ಒಳ್ಳೊಳ್ಳೆ ಸಾಫ್ಟ್‌ವೇರ್ ಇದೆ. ಪ್ರಿಂಟ್ ಹಾಕಿಸಿದರೆ ಅರ್ಧಕ್ಕರ್ಧ ಕಾಣುವುದೇ ಇಲ್ಲ. ಅಲುಗಿದ ಮುಖವನ್ನು ಹಾಗೆ ಸರಿಮಾಡಲು ಆಗುವುದಿಲ್ಲ. ಇನ್ನೊಂದು ಮಾತು: ಐಎಸ್ಓ ಕಡಿಮೆ ಇಟ್ಟು ಫೋಟೋ ಕತ್ತಲಾಗಿ ಬಂದರೆ, ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸುತ್ತೀರಿ. ಆಗ ನೆರಳಿನ ಜಾಗದಲ್ಲಿ ಎದ್ದು ಬರುವ ಗ್ರೈನ್ ಕಡಿಮೆ ಇರುವುದಿಲ್ಲ. ತೆಗೆಯುವಾಗಲೇ ಸರಿಯಾದ ಐಎಸ್ಓ ಇಡುವುದು ಒಳ್ಳೆಯದು.

ಕಿಟಕಿಬೆಳಕು

ನಿಮ್ಮ ತಾತನ ವಿಷಯ ಓದಿ ಮನಸ್ಸು ಭಾರವಾಯಿತು.

ಎಲ್ಲರೂ ಕ್ಯಾಮೆರಾದ ಒಳಗೆ ಬೆಳಕು ಹುಡುಕುತ್ತಿದ್ದೀರಿ. ನಾನು ಕೋಣೆಯಲ್ಲಿ ಹುಡುಕಿ ಎನ್ನುತ್ತೇನೆ. ಹೊಸಕಲಿಕೆ ಅವರೇ, ಮಗಳು ಮಲಗಿರುವಾಗ ಅವಳ ಗೊಂಬೆ ಒಂದನ್ನು ಎತ್ತಿಕೊಳ್ಳಿ. ಹಗಲು ಹೊತ್ತು, ನೇರ ಬಿಸಿಲು ಬೀಳದ ಕಿಟಕಿ ಒಂದನ್ನು ಆರಿಸಿ. ಕೋಣೆಯ ಟ್ಯೂಬ್‌ಲೈಟ್ ಆರಿಸಿಬಿಡಿ. ಕಿಟಕಿಯ ಪಕ್ಕ ಒಂದು ಮೊಳ ದೂರದಲ್ಲಿ ಕುರ್ಚಿ ಹಾಕಿ ಗೊಂಬೆ ಕೂರಿಸಿ. 1/250 ಇಟ್ಟು ಒಂದು ಫೋಟೋ ತೆಗೆದು, ಕ್ಯಾಮೆರಾ ಎಷ್ಟು ಐಎಸ್ಓ ಆರಿಸಿತು ನೋಡಿ. ಕುರ್ಚಿಯನ್ನು ಐದು ಹೆಜ್ಜೆ ಒಳಗೆ ಎಳೆದು ಮತ್ತೆ ತೆಗೆಯಿರಿ. ನನ್ನ ಕೋಣೆಯಲ್ಲಿ ಕಿಟಕಿ ಪಕ್ಕ 640 ಬಂತು, ಒಳಗೆ 6400. ನಮ್ಮ ಕಣ್ಣಿಗೆ ಇಡೀ ಕೋಣೆ ಒಂದೇ ಥರ ಬೆಳಗಿದೆ ಅನಿಸುತ್ತದೆ, ಯಾಕೆಂದರೆ ಕಣ್ಣು ಕ್ಷಣದಲ್ಲಿ ಹೊಂದಿಕೊಳ್ಳುತ್ತದೆ. ಕ್ಯಾಮೆರಾಗೆ ಆ ಐದು ಹೆಜ್ಜೆಯಲ್ಲಿ ಹತ್ತು ಪಟ್ಟು ವ್ಯತ್ಯಾಸ. ಹಳೇಲೆನ್ಸ್ ಅವರು ಲೆಕ್ಕ ಹಾಕಿದ ಅದೇ ಹತ್ತು ಪಟ್ಟು!

ಈಗ ಕುರ್ಚಿಯನ್ನು ಕಿಟಕಿ ಪಕ್ಕಕ್ಕೇ ತನ್ನಿ, ಗೊಂಬೆಯನ್ನು ನಿಧಾನವಾಗಿ ತಿರುಗಿಸಿ. ಕಿಟಕಿಗೆ ನೇರ ಮುಖ ಮಾಡಿದರೆ ಮುಖ ಸಪಾಟಾಗಿ ಕಾಣುತ್ತದೆ. ಸ್ವಲ್ಪ ಓರೆಯಾದರೆ ಮೂಗಿನ ಪಕ್ಕ ಮೆತ್ತನೆಯ ನೆರಳು ಬಿದ್ದು ಮುಖಕ್ಕೆ ಗುಂಡನೆ ಆಕಾರ ಬರುತ್ತದೆ. ಪೂರ್ತಿ ಪಕ್ಕಕ್ಕೆ ತಿರುಗಿಸಿದರೆ ಅರ್ಧ ಮುಖ ಕತ್ತಲು. ಆಗ ಕತ್ತಲಿನ ಕಡೆ ಒಂದು ಬಿಳಿ ಹಾಳೆಯನ್ನೋ ಬಿಳಿ ಬಟ್ಟೆಯನ್ನೋ ಹಿಡಿಯಿರಿ, ಹತ್ತಿರ ತಂದಷ್ಟೂ ನೆರಳು ತಿಳಿಯಾಗುತ್ತದೆ. ಗೊಂಬೆಯ ಕಣ್ಣು ನೋಡುತ್ತಲೇ ಇರಿ. ಕಿಟಕಿಯ ಪ್ರತಿಬಿಂಬ ಒಂದು ಚಿಕ್ಕ ಬಿಳಿ ಚೌಕವಾಗಿ ಅದರಲ್ಲಿ ಕೂತಿತೋ, ಅಲ್ಲಿ ನಿಲ್ಲಿಸಿ. ಆ ಚೌಕ ಇಲ್ಲದ ಕಣ್ಣು ಫೋಟೋದಲ್ಲಿ ಮಂಕಾಗಿ ಕಾಣುತ್ತದೆ.

ಟ್ಯೂಬ್‌ಲೈಟ್ ಆರಿಸಿ ಎಂದದ್ದಕ್ಕೆ ಕಾರಣ ಇದೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಕಡಿಮೆಯಾದಷ್ಟೂ ಹಳದಿ. ಹಗಲಿನ ಬೆಳಕು ಸುಮಾರು 5500 ಕೆಲ್ವಿನ್, ಹಳದಿ ಬಲ್ಬ್ 2700ರಿಂದ 3000. ಎರಡೂ ಒಂದೇ ಮುಖದ ಮೇಲೆ ಬಿದ್ದರೆ ಒಂದು ಕೆನ್ನೆ ನೀಲಿ, ಇನ್ನೊಂದು ಕಿತ್ತಳೆ. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ. ಟ್ಯೂಬ್‌ಲೈಟಿನದೂ ಇದೇ ಪಾಡು, ಅದರ ಬಣ್ಣ ಹಗಲಿಗೆ ಪೂರ್ತಿ ಹೊಂದುವುದಿಲ್ಲ.

ಆಮೇಲೆ ಮಗಳ ಆಟದ ಸಾಮಾನನ್ನು ಆ ಕಿಟಕಿ ಪಕ್ಕಕ್ಕೆ ಸರಿಸಿ. ಅವಳೇ ಬರುತ್ತಾಳೆ. ಅವಳನ್ನು ಕರೆದು ನಿಲ್ಲಿಸುವ ಕೆಲಸವೇ ಇಲ್ಲ.

ಮೂರುಕಾಲು

ಒಂದು ತಕರಾರು. 18ರಲ್ಲಿ ಮುಖದ ಹತ್ತಿರ ಹೋದರೆ ಮೂಗು ದೊಡ್ಡದಾಗಿ ಕಿವಿ ಚಿಕ್ಕದಾಗುತ್ತದೆ. ಮಗುವಿನ ಮುಖ ಆಗಲೇ ಗುಂಡಗಿರುತ್ತದೆ, ಇನ್ನೂ ಉಬ್ಬಿದ ಹಾಗೆ ಬರುತ್ತದೆ. ನನ್ನ ಪ್ರಕಾರ 24ರಿಂದ 35ರ ಒಳಗೆ ಇಡುವುದು ಒಳ್ಳೆಯದು.

ಹಳೇಲೆನ್ಸ್

ಮುಖ ಒಂದೇ ತುಂಬಿಸುವುದಾದರೆ ನೀವು ಹೇಳಿದ್ದು ಸರಿ. ಆ ಉಬ್ಬು ಬರುವುದು ಹತ್ತಿರ ಹೋದದ್ದರಿಂದ, ದೂರ ನಿಂತರೆ 18ರಲ್ಲೂ ಬರುವುದಿಲ್ಲ. ಕೋಣೆ, ಆಟದ ಸಾಮಾನು, ಮಗು ಎಲ್ಲಾ ಸೇರಿ ತೆಗೆಯುವಾಗ 18 ಇಟ್ಟುಕೊಳ್ಳಲಿ. ಮುಖ ಮಾತ್ರ ಫ್ರೇಮಿನ ಅಂಚಿಗೆ ಹೋಗಬಾರದು, ಅಲ್ಲಿ ಎಳೆದ ಹಾಗಾಗುತ್ತದೆ. ಈ ಥರದ ಕಿಟ್ ಲೆನ್ಸ್ ಸಾಮಾನ್ಯವಾಗಿ 24ರ ಆಸುಪಾಸಿನಲ್ಲಿ ಎಫ್ 4 ಇರುತ್ತದೆ. ಕಿಟಕಿ ಪಕ್ಕ ಅದು ಧಾರಾಳ.

ಮೂರುಕಾಲು

ಹಾಗಾದರೆ ಸರಿ. ಇನ್ನೆರಡು ಸಣ್ಣ ವಿಷಯ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಪಕ್ಕ ಒಂದು ಪುಟ್ಟ ಚಕ್ರ ಇರುತ್ತದೆ. ತುಂಬಾ ಜನ ಅದನ್ನು ಮುಟ್ಟಿಯೇ ಇರುವುದಿಲ್ಲ. ಅದು ನಿಮ್ಮ ಕಣ್ಣಿನ ಪವರಿಗೆ ಹೊಂದಿಸುವುದಕ್ಕೆ. ಒಳಗೆ ಕಾಣುವ ಅಂಕಿಗಳು ಚೂಪಾಗುವ ತನಕ ತಿರುಗಿಸಿ. ಇದು ಸರಿ ಇಲ್ಲದಿದ್ದರೆ ಫೋಕಸ್ ಕೂತಿದೆಯೋ ಇಲ್ಲವೋ ಕಣ್ಣಿಗೆ ತಿಳಿಯುವುದೇ ಇಲ್ಲ.

ಎರಡನೆಯದು, ಮಂಡಿ ಊರಿ ಕೂತುಕೊಳ್ಳಿ. ಎಡ ಅಂಗೈ ಲೆನ್ಸಿನ ಕೆಳಗೆ ಇರಲಿ, ಮೊಣಕೈ ಪಕ್ಕೆಗೆ ಒತ್ತಿರಲಿ. ಶಟರ್ ಬಟನ್ ಕುಟ್ಟಬೇಡಿ, ಮೆಲ್ಲಗೆ ಒತ್ತಿ. ಕೈಯೂ ನಿಲ್ಲುತ್ತದೆ, ಮಗುವಿನ ಕಣ್ಣಿನ ಎತ್ತರವೂ ಸಿಗುತ್ತದೆ. ನಿಂತು ತೆಗೆದರೆ ಬರೀ ನೆತ್ತಿ ಮತ್ತು ನೆಲ.

ಹಕ್ಕಿಹಿಂದೆ

ನಾನು ಹಕ್ಕಿ ಫೋಟೋ ತೆಗೆಯುವವನು. ಹಕ್ಕಿಗೂ ಮಗುವಿಗೂ ಫೋಕಸ್ ವಿಷಯದಲ್ಲಿ ಅಂಥ ವ್ಯತ್ಯಾಸ ಇಲ್ಲ. ಎರಡೂ ಹೇಳಿದ ಮಾತು ಕೇಳುವುದಿಲ್ಲ.

ಫೋಕಸ್ ಮೋಡ್ ನೋಡಿ. ಸಿಂಗಲ್‌ನಲ್ಲಿ ಇದ್ದರೆ, ಬಟನ್ ಅರ್ಧ ಒತ್ತಿದ ಕ್ಷಣ ಮಗು ಎಲ್ಲಿತ್ತೋ ಅಲ್ಲಿಗೆ ಫೋಕಸ್ ಬೀಗ ಬೀಳುತ್ತದೆ. ನೀವು ಪೂರ್ತಿ ಒತ್ತುವಷ್ಟರಲ್ಲಿ ಅದು ಒಂದು ಗೇಣು ಮುಂದೆ ಬಂದಿರುತ್ತದೆ. ಕಂಟಿನ್ಯೂಯಸ್‌ಗೆ ಹಾಕಿ. ಕೆಲವು ಕ್ಯಾಮೆರಾದಲ್ಲಿ ಎಎಫ್-ಸಿ, ಕೆಲವದರಲ್ಲಿ ಸರ್ವೋ ಎಂದಿರುತ್ತದೆ. ಅರ್ಧ ಒತ್ತಿ ಹಿಡಿದಿರುವಷ್ಟು ಹೊತ್ತೂ ಅದು ಹಿಂಬಾಲಿಸುತ್ತದೆ. ಕಣ್ಣು ಗುರುತಿಸುವ ಸೌಲಭ್ಯ ಇದ್ದರೆ ಆನ್ ಮಾಡಿ. ಇಲ್ಲದಿದ್ದರೆ ಒಂದೇ ಫೋಕಸ್ ಪಾಯಿಂಟ್ ಆರಿಸಿ, ಹತ್ತಿರದ ಕಣ್ಣಿನ ಮೇಲೆ ಇಡಿ. ಎಲ್ಲಾ ಪಾಯಿಂಟನ್ನೂ ಕ್ಯಾಮೆರಾಗೆ ಬಿಟ್ಟರೆ ಅದು ಹೆಚ್ಚಾಗಿ ಹತ್ತಿರ ಇರುವುದನ್ನೇ ಹಿಡಿಯುತ್ತದೆ, ಅಂದರೆ ಚಾಚಿದ ಕೈಯನ್ನು.

ಮತ್ತೆ, ಹಿಂದೆ ಓಡಬೇಡಿ. ಹಕ್ಕಿ ಹಾರಿ ಹೋದರೂ ಅದೇ ಕೊಂಬೆಗೆ ಮತ್ತೆ ಮತ್ತೆ ಬರುತ್ತದೆ. ನಾನು ಆ ಕೊಂಬೆ ನೋಡಿಕೊಂಡು ಕಾಯುತ್ತೇನೆ. ಕಿಟಕಿಬೆಳಕು ಮೇಡಂ ಹೇಳಿದ ಆಟದ ಸಾಮಾನು ನಿಮ್ಮ ಕೊಂಬೆ. ಅಲ್ಲಿ ಕೂತು ಕಾಯಿರಿ. ಬಂದಾಗ ಬರ್ಸ್ಟ್‌ನಲ್ಲಿ ಒಂದರ ಹಿಂದೊಂದು ನಾಲ್ಕೈದು ತೆಗೆಯಿರಿ, ಒಂದರಲ್ಲಿ ಕಣ್ಣು ಮುಚ್ಚಿದ್ದರೆ ಇನ್ನೊಂದರಲ್ಲಿ ತೆರೆದಿರುತ್ತದೆ.

ಹೊಸಕಲಿಕೆ

ಒಂದು ವಾರ ಬಿಟ್ಟು ಬಂದಿದ್ದೇನೆ. ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ.

ಗೊಂಬೆಯ ಪಾಠ ಮೂರು ದಿನ ಮಾಡಿದೆ. ನಮ್ಮ ಕಿಟಕಿ ಪಕ್ಕ ಐಎಸ್ಓ 1000 ಬರುತ್ತದೆ, ಗೋಡೆ ಪಕ್ಕ 6400 ದಾಟಿ ಕತ್ತಲಾಗುತ್ತದೆ. ಇಷ್ಟು ದಿನ ಸೋಫಾ ಇದ್ದದ್ದು ಆ ಗೋಡೆ ಪಕ್ಕ. ನಾನು ತೆಗೆಯುತ್ತಿದ್ದದ್ದೂ ಅಲ್ಲೇ.

ನಿನ್ನೆ ಬೆಳಿಗ್ಗೆ ಅವಳು ಮರದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು. ನಾನು ಮಂಡಿ ಊರಿ ಕೂತಿದ್ದೆ. 1/250, ಎಫ್ 4.5, ಜೂಮ್ 35, ಐಎಸ್ಓ 1250. ಆರನೇ ತುಂಡು ಇಡುವಾಗ ನಾಲಿಗೆ ತುದಿ ಹೊರಗೆ ಬಂತು, ತುಂಡು ಬೆರಳ ತುದಿಯಿಂದ ಇನ್ನೂ ಬಿಟ್ಟಿರಲಿಲ್ಲ. ಆ ಫೋಟೋದಲ್ಲಿ ರೆಪ್ಪೆ ಎಣಿಸಬಹುದು. ಉಗುರಿನ ಸಂದಿಯ ಬಣ್ಣದ ಪೆನ್ಸಿಲ್ ಚೂರು ಕೂಡ ಕಾಣುತ್ತಿದೆ. ಕಣ್ಣಲ್ಲಿ ಆ ಬಿಳಿ ಚೌಕ ಇದೆ. ರಾತ್ರಿ ಎಷ್ಟು ಸಲ ತೆರೆದು ನೋಡಿದೆನೋ.

ಎರಡು ಹೊಸ ತೊಂದರೆ ಬಂದಿದೆ. ಬಿಳಿ ಫ್ರಾಕ್ ಹಾಕಿಕೊಂಡ ದಿನ ಎಲ್ಲಾ ಫೋಟೋ ಮಂಕಾಗಿ ಬೂದುಬೂದಾಗಿ ಬಂತು. ಇನ್ನೊಂದು, ರಾತ್ರಿ ಅವಳು ಮಲಗಿರುವಾಗ ಸದ್ದಾಗಬಾರದು ಎಂದು ಸೈಲೆಂಟ್ ಶಟರ್ ಹಾಕಿದೆ. ಫೋಟೋದ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿ ಬಂದಿದೆ. ಕ್ಯಾಮೆರಾ ಕೆಟ್ಟಿತಾ?

ರಾತ್ರಿಪಾಳಿ

ಕೆಟ್ಟಿಲ್ಲ, ಗಾಬರಿ ಬೇಡ. 50 ಹರ್ಟ್ಜ್ ಕರೆಂಟಿನಲ್ಲಿ ಉರಿಯುವ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, 60 ಹರ್ಟ್ಜ್ ಆದರೆ 120 ಸಲ. ಕೆಲವು ಎಲ್ಇಡಿ ದೀಪಗಳಲ್ಲಿ ಇದು ತೀರಾ ಜಾಸ್ತಿ. ಸೈಲೆಂಟ್ ಶಟರಿನಲ್ಲಿ ಬೆಳಕು ಹಿಡಿಯುವ ಸೆನ್ಸರ್ ಸಾಲು ಸಾಲಾಗಿ ಓದುತ್ತದೆ. ದೀಪ ಮಂಕಾದ ಕ್ಷಣ ಓದಿದ ಸಾಲುಗಳು ಪಟ್ಟಿಯಾಗಿ ಕಾಣುತ್ತವೆ. ಮಲಗಿದ ಮಗು ಅಲುಗುವುದಿಲ್ಲ ಅಲ್ವಾ, ಶಟರ್ 1/50 ಅಥವಾ 1/100 ಇಡಿ. 60 ಹರ್ಟ್ಜ್ ಇರುವ ಕಡೆ 1/60. ಪಟ್ಟಿ ಹೋಗುತ್ತದೆ ಅಥವಾ ತುಂಬಾ ಕಡಿಮೆಯಾಗುತ್ತದೆ. ಹಾಗೂ ಹೋಗದಿದ್ದರೆ ಮೆಕ್ಯಾನಿಕಲ್ ಶಟರ್ ಬಳಸಿ.

ಕಿಟಕಿಬೆಳಕು

ಆ ನಾಲಿಗೆ ತುದಿ! ಅದನ್ನು ಪ್ರಿಂಟ್ ಹಾಕಿಸಿ, ಮರೆಯಬೇಡಿ.

ಬಿಳಿ ಫ್ರಾಕ್ ವಿಷಯ. ಕ್ಯಾಮೆರಾದ ಮೀಟರಿಗೆ ಎದುರಿಗೆ ಇರುವುದು ಫ್ರಾಕ್ ಅಂತ ಗೊತ್ತಿಲ್ಲ. ಅದು ಅಳೆಯುವುದು ಬೆಳಕನ್ನು ಮಾತ್ರ, ಎಲ್ಲವನ್ನೂ ನಡು ಬೂದಿ ಬಣ್ಣದ ಆಸುಪಾಸಿಗೆ ತರಲು ನೋಡುತ್ತದೆ. ಬಿಳಿ ಜಾಸ್ತಿ ಇದ್ದರೆ ಬೆಳಕು ಅತಿಯಾಯಿತು ಎಂದು ಇಳಿಸುತ್ತದೆ. ಕಪ್ಪು ಜಾಸ್ತಿ ಇದ್ದರೆ ಏರಿಸುತ್ತದೆ, ಕಪ್ಪು ಕೋಟು ಬೂದಿಯಾಗುತ್ತದೆ. ಹಾಗಾಗಿ ಬಿಳಿಗೆ ನೀವೇ ಏರಿಸಬೇಕು, ಕಪ್ಪಿಗೆ ನೀವೇ ಇಳಿಸಬೇಕು. ಕೂಡು ಕಳೆ ಗುರುತಿನ ಬಟನ್ ಇರುತ್ತದೆ ನೋಡಿ, ಫ್ರಾಕಿಗೆ ಪ್ಲಸ್ 0.7ರಿಂದ ಪ್ಲಸ್ 1ರ ತನಕ ಹೋಗಿ.

ಎಷ್ಟು ಸಾಕು ಎಂದು ಪರದೆ ನೋಡಿ ತೀರ್ಮಾನಿಸಬೇಡಿ. ಕತ್ತಲ ಕೋಣೆಯಲ್ಲಿ ಅದು ಹೊಳೆಯುತ್ತದೆ, ಬಿಸಿಲಲ್ಲಿ ಮಂಕಾಗುತ್ತದೆ. ಹಿಸ್ಟೋಗ್ರಾಂ ನೋಡಿ, ಅದು ಫೋಟೋದಲ್ಲಿ ಕತ್ತಲು ಎಷ್ಟು (ಎಡಕ್ಕೆ), ಬೆಳಕು ಎಷ್ಟು (ಬಲಕ್ಕೆ) ಎಂದು ಗುಡ್ಡದ ಹಾಗೆ ತೋರಿಸುವ ನಕ್ಷೆ. ಗುಡ್ಡ ಬಲ ಅಂಚಿನ ಹತ್ತಿರ ಬರಬೇಕು, ಅಂಚಿಗೆ ಗೋಡೆಯ ಹಾಗೆ ಒತ್ತಿಕೊಂಡು ನಿಲ್ಲಬಾರದು. ನಿಂತರೆ ಫ್ರಾಕಿನ ಲೇಸು, ನೆರಿಗೆ ಎಲ್ಲಾ ಬರೀ ಬಿಳಿ ಕಾಗದ ಆಗುತ್ತದೆ.

ಮೂರುಕಾಲು

ಇದಕ್ಕೇ ನಾನು ರಾ ಫೈಲಿನಲ್ಲಿ, ಅಂದರೆ ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ಫೈಲಿನಲ್ಲಿ, ತೆಗೆಯಿರಿ ಎನ್ನುವುದು. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ. 14 ಬಿಟ್ ರಾ ಫೈಲಿನಲ್ಲಿ 16,384. ಮಂಕಾಗಿ ಬಂದ ಫ್ರಾಕನ್ನು ಆಮೇಲೆ ಎತ್ತಬಹುದು, ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣದ ಹೊಂದಾಣಿಕೆ, ಬದಲಾಯಿಸಬಹುದು.

ಹಕ್ಕಿಹಿಂದೆ

ಈಗಲೇ ಬೇಡ ಅನಿಸುತ್ತದೆ. ಇನ್ನೆರಡು ತಿಂಗಳು ಜೆಪೆಗ್‌ನಲ್ಲೇ ತೆಗೆಯಲಿ. ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ, ಕೈ ಬೇಗ ಪಳಗುತ್ತದೆ. ಬೇಕಿದ್ದರೆ ಎರಡೂ ಒಟ್ಟಿಗೆ ಉಳಿಸುವ ಆಯ್ಕೆ ಇದೆ, ರಾ ಫೈಲನ್ನು ಸುಮ್ಮನೆ ಎತ್ತಿಡಲಿ. ಕಾರ್ಡಿನಿಂದ ತೆಗೆದು ಎರಡು ಬೇರೆ ಕಡೆ ಕಾಪಿ ಮಾಡಿ ಇಡುವುದನ್ನು ಮಾತ್ರ ಇವತ್ತೇ ಶುರು ಮಾಡಿ. ನನ್ನ ಒಂದು ವರ್ಷದ ಹಕ್ಕಿಗಳು ಒಂದು ಹಾರ್ಡ್ ಡಿಸ್ಕ್ ಜೊತೆ ಹೋದವು.

ಹೊಸಕಲಿಕೆ

ಇವತ್ತೇ ಮಾಡುತ್ತೇನೆ. ಪಟ್ಟಿಯೂ ಹೋಯಿತು, 1/50ರಲ್ಲಿ ಸರಿಯಾಗಿ ಬಂತು.

ಹಳೇಲೆನ್ಸ್ ಸರ್, ಈಗ ಮತ್ತೆ ಮೊದಲಿನ ಪ್ರಶ್ನೆ. ಸಂಜೆ ಹೊತ್ತು ಕಿಟಕಿಯ ಬೆಳಕು ಇರುವುದಿಲ್ಲ, 6400ಕ್ಕೂ ಸಾಲುವುದಿಲ್ಲ. ಈಗ ಲೆನ್ಸ್ ಕೊಳ್ಳಬಹುದಾ? ರಾತ್ರಿಪಾಳಿ ಹೇಳಿದ 50, ಎಫ್ 1.8?

ಹಳೇಲೆನ್ಸ್

ಈಗ ಕೊಳ್ಳಬಹುದು. ಯಾಕೆ ಬೇಕು ಎಂದು ನಿಮಗೇ ಗೊತ್ತಾಗಿದೆ. ಆದರೆ 50 ಅಂತ ಈಗಲೇ ನಿರ್ಧರಿಸಬೇಡಿ. ನಿಮ್ಮದು ಎಪಿಎಸ್-ಸಿ, ಅಂದರೆ ಫುಲ್ ಫ್ರೇಮ್ ಎನ್ನುವ ದೊಡ್ಡ ಸೆನ್ಸರಿಗಿಂತ ಚಿಕ್ಕ ಸೆನ್ಸರ್ ಇರಬೇಕು, 18-55 ಕಿಟ್ ಹೆಚ್ಚಾಗಿ ಅದರ ಜೊತೆಗೇ ಬರುವುದು. ಅದರಲ್ಲಿ 50 ಹಾಕಿದರೆ, ಫುಲ್ ಫ್ರೇಮಿನಲ್ಲಿ 75 ಅಥವಾ 80 ಹಾಕಿದಷ್ಟು ಕಿರಿದಾಗಿ ಕಾಣುತ್ತದೆ. ಸಣ್ಣ ಕೋಣೆಯಲ್ಲಿ ಬೆನ್ನು ಗೋಡೆಗೆ ತಾಗಿದರೂ ಮಗು ಪೂರ್ತಿ ಬರುವುದಿಲ್ಲ. 35 ಹಾಕಿದರೆ ಸುಮಾರು 50ರಷ್ಟು.

ಪರೀಕ್ಷೆ ಸುಲಭ. ಕಿಟ್ ಲೆನ್ಸಿನ ಜೂಮನ್ನು 35ಕ್ಕೆ ಇಟ್ಟು ಮೇಲೆ ಒಂದು ಟೇಪ್ ಅಂಟಿಸಿ. ಒಂದು ವಾರ ಅದರಲ್ಲೇ ತೆಗೆಯಿರಿ. ಮುಂದಿನ ವಾರ 50ಕ್ಕೆ ಇಟ್ಟು ಅಂಟಿಸಿ. ಯಾವ ವಾರ ಕೈ ಟೇಪ್ ಕಡೆ ಜಾಸ್ತಿ ಹೋಗುತ್ತದೋ ಆ ಲೆನ್ಸ್ ನಿಮ್ಮದಲ್ಲ.

ಒಂದು ಎಚ್ಚರಿಕೆ. ಎಫ್ 1.8ರಲ್ಲಿ ಹತ್ತಿರದಿಂದ ತೆಗೆದರೆ ಫೋಕಸ್ ಇರುವ ಜಾಗ ತುಂಬಾ ತೆಳ್ಳಗೆ. ಒಂದು ಕಣ್ಣು ಚೂಪು, ಇನ್ನೊಂದು ಮೆತ್ತಗೆ. ಶುರುವಿಗೆ ಎಫ್ 2.8ರಲ್ಲಿ ಅಭ್ಯಾಸ ಮಾಡಿ, ಅದು ಕೂಡ 5.6ಕ್ಕೆ ಹೋಲಿಸಿದರೆ ನಾಲ್ಕು ಪಟ್ಟು ಬೆಳಕು.

ಹೊಸಕಲಿಕೆ

ಟೇಪ್ ಅಂಟಿಸಿದೆ ಸರ್, 35ರಲ್ಲಿ. ಅವಳು ಅದನ್ನು ಕೀಳಲು ನೋಡುತ್ತಿದ್ದಾಳೆ. ಎರಡು ವಾರ ಆದ ಮೇಲೆ ಎರಡೂ ಫೋಟೋ ಇಲ್ಲಿ ಹಾಕುತ್ತೇನೆ.